ದಿನ ತುಂಬದ ಕೂಸಿನ ಲೆಕ್ಕ

ಮೂವತ್ತೇಳು ವಾರ ತುಂಬುವ ಮುನ್ನ ಆಗುವ ಹೆರಿಗೆಯನ್ನು ವೈದ್ಯರು ಅಕಾಲ ಪ್ರಸವ ಎನ್ನುತ್ತಾರೆ. 2020ರಲ್ಲಿ ಭಾರತವೊಂದರಲ್ಲೇ ಹೀಗೆ ದಿನ ತುಂಬದೆ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ. ಇಂಥ ಹೆರಿಗೆಯನ್ನು ಮುಂಚಿತವಾಗಿ ಊಹಿಸಲು ಈಗ ಕೃತಕ ಬುದ್ಧಿಮತ್ತೆಯ ನೆರವು ಪಡೆಯಲಾಗುತ್ತಿದೆ. ಮೊದಲೇ ತಿಳಿದು ಮಾಡುವುದೇನು? ಉತ್ತರಕ್ಕೆ ನ್ಯೂಜಿಲೆಂಡಿನ ಕುರಿಗಳ ಬಳಿಗೆ ಹೋಗಬೇಕು.

ಹೆರಿಗೆ ನೋವನ್ನು ಆರಂಭಿಸುವುದು ತಾಯಿಯೋ, ಹೊಟ್ಟೆಯೊಳಗಿನ ಮಗುವೋ ಎಂಬ ಪ್ರಶ್ನೆಯ ಬೆನ್ನು ಹತ್ತಿದ್ದ ಆಕ್ಲೆಂಡಿನ ವೈದ್ಯ ಲಿಗಿನ್ಸ್, 1960ರ ದಶಕದಲ್ಲಿ ಗಬ್ಬದ ಕುರಿಗಳ ಹೊಟ್ಟೆಯ ಮರಿಗಳಿಗೆ ಸ್ಟೀರಾಯ್ಡ್ ಹರಿಸಿ ನೋಡುತ್ತಿದ್ದರು. ತೀರ ಬೇಗ ಹುಟ್ಟಿದ್ದ ಒಂದು ಮರಿ ಬದುಕುವಂತೆಯೇ ಇರಲಿಲ್ಲ. ಆದರೆ ಅದು ಉಸಿರಾಡುತ್ತಿತ್ತು! ಔಷಧಿ ಅದರ ಎಳೆಯ ಶ್ವಾಸಕೋಶವನ್ನು ಮಾಗಿಸಿತ್ತು. ಸಹೋದ್ಯೋಗಿ ಹೌವಿಯವರೊಡನೆ 282 ತಾಯಂದಿರ ಮೇಲೆ ನಡೆಸಿದ ಪ್ರಯೋಗವನ್ನು ಅವರು 1972ರಲ್ಲಿ ಪ್ರಕಟಿಸಿದರು. ಉಸಿರಾಟದ ತೊಂದರೆ ಚುಚ್ಚುಮದ್ದು ಪಡೆಯದ ತಾಯಂದಿರ ಮಕ್ಕಳಲ್ಲಿ ಶೇ 25.8, ಪಡೆದವರ ಮಕ್ಕಳಲ್ಲಿ ಶೇ 9.

ಆದರೆ ಒಂದು ತೊಡಕು. ಮದ್ದಿನ ಫಲ ಚೆನ್ನಾಗಿ ಸಿಗಬೇಕಾದರೆ ಹೆರಿಗೆಗೆ ಒಂದು ದಿನವಾದರೂ ಮೊದಲು ಅದು ತಾಯಿಯ ಮೈ ಸೇರಬೇಕು; ವಾರ ಕಳೆದರೆ ಪ್ರಭಾವ ತಗ್ಗುತ್ತದೆ. ಅಂದರೆ ಹೆರಿಗೆಯ ಸಮಯ ಗೊತ್ತಿರಬೇಕು, ಬಸಿರಿಗೆ ಎಷ್ಟು ವಾರ ಎಂಬುದೂ ಗೊತ್ತಿರಬೇಕು.

ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಳಗಾವಿಯೂ ಸಾಕ್ಷಿ. ಅದೂ ಸೇರಿದಂತೆ ಆರು ದೇಶಗಳಲ್ಲಿ ಹಳ್ಳಿಯ ಮಟ್ಟದವರೆಗೂ ಈ ಚುಚ್ಚುಮದ್ದನ್ನು ಒಯ್ದ ಪ್ರಯೋಗದ ಫಲಿತಾಂಶ 2014ರಲ್ಲಿ ಹೊರಬಿದ್ದಾಗ ಎಲ್ಲರೂ ಬೆಚ್ಚಿದರು. ಹೆಚ್ಚು ಮಕ್ಕಳು ಉಳಿಯಬೇಕಿದ್ದಲ್ಲಿ, ಸಾವಿರ ಜನನಕ್ಕೆ ಮೂರೂವರೆಯಷ್ಟು ಶಿಶುಮರಣ ಹೆಚ್ಚಿತ್ತು. ಕೊನೆಯ ಮುಟ್ಟಿನ ನೆನಪು, ಹೊಟ್ಟೆಯ ಎತ್ತರ ಇವುಗಳ ಮೇಲೆ ವಾರ ಎಣಿಸಿದ್ದರಿಂದ, ದಿನ ತುಂಬಿಯೇ ಹೆರುವ ಅನೇಕರಿಗೂ ಮದ್ದು ಬಿದ್ದಿತ್ತು. ಕಾರಣ ಇದೊಂದೇ ಎನ್ನಲಾಗದು. ಹುಟ್ಟಿದ ಮೇಲಿನ ಆರೈಕೆಯೂ ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. ಆದರೆ ಸ್ಕ್ಯಾನ್ ಮಾಡಿ ವಾರವನ್ನು ಖಚಿತಪಡಿಸಿಕೊಂಡು, ಆಸ್ಪತ್ರೆಗಳಲ್ಲೇ ನಡೆಸಿದ ಮತ್ತೊಂದು ಪ್ರಯೋಗ 2020ರಲ್ಲಿ ಪ್ರಕಟವಾದಾಗ, ಭಾರತವೂ ಇದ್ದ ಐದು ದೇಶಗಳಲ್ಲಿ ಅದೇ ಬಗೆಯ ಮದ್ದು ಜೀವ ಉಳಿಸಿತ್ತು: ಶಿಶುಗಳ ಸಾವು ಮದ್ದಿಲ್ಲದವರಲ್ಲಿ ಶೇ 23.5, ಇದ್ದವರಲ್ಲಿ ಶೇ 19.6.

ಸ್ಕ್ಯಾನಿನ ಲೆಕ್ಕವೂ ದೋಷಮುಕ್ತವಲ್ಲ. ಭ್ರೂಣದ ಅಳತೆಯಿಂದ ವಯಸ್ಸು ಹೇಳುವ ಹ್ಯಾಡ್‌ಲಾಕ್ ಸೂತ್ರ 1984ರ ಅಮೆರಿಕದ್ದು. ಇಲ್ಲಿನ ಕೂಸುಗಳು ಬೆಳೆಯುವ ಗತಿ ಬೇರೆ. ಅಲ್ಲಿನ ಕೋಲಿನಿಂದ ಅಳೆದರೆ ಕೊನೆಯ ತಿಂಗಳುಗಳಲ್ಲಿ ವಾರದಷ್ಟು ತಪ್ಪಬಹುದು. ಗುರುಗ್ರಾಮದ ಸಿವಿಲ್ ಆಸ್ಪತ್ರೆಯ ಬಸುರಿಯರನ್ನು 2015ರಿಂದ ಅನುಸರಿಸುತ್ತ ಬಂದ ‘ಗರ್ಭಿಣಿ’ ಅಧ್ಯಯನದ ಮಾಹಿತಿಯಿಂದ ಮದ್ರಾಸ್ ಐಐಟಿ ಮತ್ತಿತರ ಸಂಸ್ಥೆಗಳ ವಿಜ್ಞಾನಿಗಳು ಸ್ವದೇಶಿ ಗಣಕ ಮಾದರಿಯೊಂದನ್ನು ರೂಪಿಸಿ 2024ರಲ್ಲಿ ಮುಂದಿಟ್ಟರು. ಮಾಮೂಲಿ ಸ್ಕ್ಯಾನಿನ ಮೂರು ಅಳತೆಗಳೇ ಇದಕ್ಕೆ ಸಾಕು. ದಕ್ಷಿಣ ಭಾರತದ ತಾಯಂದಿರ ಮಾಹಿತಿಯ ಮೇಲೂ ಇದನ್ನು ಪರೀಕ್ಷಿಸಲಾಗಿದೆ. ಇದು ಹೇಳುವುದು ಭ್ರೂಣದ ವಯಸ್ಸನ್ನು ಮಾತ್ರ. ಯಾರಿಗೆ ಬೇಗ ಹೆರಿಗೆಯಾದೀತು ಎಂದು ಮುಂಗಾಣುವುದು ‘ಗರ್ಭಿಣಿ’ಯ ಮೂಲ ಗುರಿ, ಈ ವಯಸ್ಸಿನ ಲೆಕ್ಕ ಅದಕ್ಕೆ ಹಾಕಿದ ತಳಪಾಯ.