ಹಳೇ ಕಾರಿನ ಪ್ಲಗ್ ತುಕ್ಕು ಹಿಡಿದು ಕೂತಿದೆಯೇ? ಕೋಲಾ ಸುರಿಯುವ ಮೊದಲು ಇದನ್ನು ಓದಿ

ತುಕ್ಕು ಹಿಡಿದ ಬೋಲ್ಟ್ ಮೇಲೆ ಕೋಲಾ ಸುರಿದರೆ ಐದೇ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ ಎನ್ನುವ ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದರ ಹಿಂದೆಯೇ ತೆಂಗಿನೆಣ್ಣೆ ಹಚ್ಚಿ, ಬೆಂಕಿ ತೋರಿಸಿ, ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಎಳೆಯಿರಿ ಎನ್ನುವ ಸಲಹೆಗಳೂ ಬರುತ್ತವೆ. ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು, ಒಂದೆರಡು ಜೀವಕ್ಕೇ ಅಪಾಯ.

ಕೊಕ್ಕಡ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳ ಶೆಡ್‌ನಲ್ಲಿ ಅಜ್ಜನ ಕಾಲದ ವಿಲ್ಲಿಸ್ ಜೀಪ್, ಅಂಬಾಸಿಡರ್, ಪದ್ಮಿನಿ ಇರುವುದುಂಟು. ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿ ಬಂದ ಮೇಲೆ ನಮ್ಮನೆಯ ಗಾಡಿಯನ್ನೂ ಓಡುವ ಹಾಗೆ ಮಾಡಬೇಕು ಎಂಬ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಕೆಲಸ ಶುರುವಾಗುವುದು ಹಳೇ ಎಣ್ಣೆ, ಹಳೇ ನೀರು ಖಾಲಿ ಮಾಡುವುದರಿಂದ. ಮೊದಲ ತಡೆ ಎದುರಾಗುವುದೂ ಅಲ್ಲೇ, ಡ್ರೇನ್ ಪ್ಲಗ್ ಅಲುಗಾಡುವುದಿಲ್ಲ.

ಯಾಕೆ ಕಚ್ಚಿಕೊಳ್ಳುತ್ತದೆ?

ಕರಾವಳಿ ಎಂದ ತಕ್ಷಣ ಉಪ್ಪುಗಾಳಿಯನ್ನು ದೂರುವುದು ರೂಢಿ. ಆದರೆ ಕೊಕ್ಕಡ ಇರುವುದು ಘಟ್ಟದ ಬುಡದಲ್ಲಿ, ಸಮುದ್ರದಿಂದ ಸಾಕಷ್ಟು ದೂರ. ಇಲ್ಲಿನ ಶತ್ರು ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಸುರಿಯುವ ಮಳೆ ಮತ್ತು ತಿಂಗಳುಗಟ್ಟಲೆ ಆರದ ತೇವ. ಗಾಳಿಯ ತೇವಾಂಶ ಸುಮಾರು ಶೇ. 60 ದಾಟಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಕನಿಷ್ಠ ಎರಡು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್‌ಗಳ ನಡುವೆ ಆ ಜಾಗ ಇಲ್ಲ. ಹಾಗಾಗಿ ಅದು ಬೆಣೆ ಹೊಡೆದಂತೆ ಎರಡೂ ಕಡೆ ಒತ್ತಿ ಹಿಡಿಯುತ್ತದೆ.

ಪದ್ಮಿನಿಯ ಸಿಲಿಂಡರ್ ಹೆಡ್‌ನಂಥ ಅಲ್ಯೂಮಿನಿಯಂ ಭಾಗದಲ್ಲಿ ಉಕ್ಕಿನ ಪ್ಲಗ್ ಇದ್ದರೆ ಕತೆ ಬೇರೆ. ಎರಡು ಭಿನ್ನ ಲೋಹಗಳ ನಡುವೆ ನೀರು ಸೇರಿದರೆ ಅದೊಂದು ಪುಟ್ಟ ಬ್ಯಾಟರಿ. ಸವೆಯುವುದು ಅಲ್ಯೂಮಿನಿಯಂ, ಅಂಚಿನಲ್ಲಿ ಕಾಣುವುದು ಬಿಳಿ ಪುಡಿ. ಆದ್ದರಿಂದ ಯಾವ ಲೋಹದಲ್ಲಿ ಯಾವ ಲೋಹ ಕೂತಿದೆ ಎಂದು ಮೊದಲು ನೋಡಿಕೊಳ್ಳಿ.

ಕೋಲಾ, ತೆಂಗಿನೆಣ್ಣೆ, ಸೀಮೆಎಣ್ಣೆ

ಕೋಲಾದಲ್ಲಿ ಫಾಸ್ಫೊರಿಕ್ ಆಮ್ಲ ಇರುವುದು ನಿಜ, ಅದು ತುಕ್ಕನ್ನು ಕರಗಿಸುವುದೂ ನಿಜ. ಆದರೆ ಅದರ ಪ್ರಮಾಣ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಬಿಚ್ಚಿಟ್ಟ ಬೋಲ್ಟನ್ನು ರಾತ್ರಿಯಿಡೀ ನೆನೆಹಾಕಿದರೆ ಮೇಲಿನ ತುಕ್ಕು ಸ್ವಲ್ಪ ಹೋದೀತು. ಬಿಗಿದು ಕೂತ ಥ್ರೆಡ್‌ನ ಒಳಗೆ ಐದು ನಿಮಿಷದಲ್ಲಿ ಏನೂ ಆಗುವುದಿಲ್ಲ, ಕೊನೆಗೆ ಅಲ್ಲಿ ಉಳಿಯುವುದು ಸಕ್ಕರೆ ಮತ್ತು ನೀರು. ಅಲ್ಯೂಮಿನಿಯಂ ಮೇಲಂತೂ ಆಮ್ಲ ಸುರಿಯಲೇಬೇಡಿ, ನಿಂಬೆರಸವೂ ಬೇಡ.

ತೆಂಗಿನೆಣ್ಣೆ ಮಂದ, ಸಂದಿಗೆ ಸುಲಭವಾಗಿ ಇಳಿಯದು. 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ ಎನ್ನುವುದು ಡಿಸೆಂಬರಿನ ಬೆಳಗ್ಗೆ ಬಾಟಲಿ ನೋಡಿದ ಎಲ್ಲರಿಗೂ ಗೊತ್ತು. ಸೀಮೆಎಣ್ಣೆ, ಡೀಸೆಲ್ ತೆಳು, ಹಳೇ ಮೆಕ್ಯಾನಿಕ್‌ಗಳು ಬಳಸುತ್ತಿದ್ದುದಕ್ಕೆ ಅರ್ಥವಿದೆ. ಎಲ್ಲರ ಬಾಯಲ್ಲಿರುವ ಡಬ್ಲ್ಯುಡಿ-40 ಮೂಲತಃ ನೀರನ್ನು ಹೊರದೂಡಲೆಂದು 1953ರಲ್ಲಿ ಮಾಡಿದ ದ್ರಾವಣ. ತುಕ್ಕು ಬಿಡಿಸಲೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ತನ್ನಿ.

ಫಾರ್ವರ್ಡ್‌ಗಳು ಹೇಳದ ಒಂದು ಸಂಗತಿ ಇದೆ. ಡ್ರೇನ್ ಪ್ಲಗ್ ಸಾಮಾನ್ಯವಾಗಿ ಕೆಳಮುಖವಾಗಿ ಇರುತ್ತದೆ. ಹೊಡೆದ ಸ್ಪ್ರೇ ಎಲ್ಲಾ ನೆಲಕ್ಕೆ ತೊಟ್ಟಿಕ್ಕುತ್ತದೆ. ಮೊದಲು ತಂತಿ ಬ್ರಷ್‌ನಿಂದ ಅಂಚಿನ ಕೊಳೆ ತೆಗೆಯಿರಿ. ಎಣ್ಣೆಯಲ್ಲಿ ನೆನೆಸಿದ ಬಟ್ಟೆಯ ಎಳೆಯನ್ನು ಪ್ಲಗ್‌ನ ಸುತ್ತ ಸುತ್ತಿ ಕಟ್ಟಿ. ಕೂದಲಿಗಿಂತ ತೆಳುವಾದ ಸಂದಿಯಲ್ಲಿ ಎಣ್ಣೆ ಗುರುತ್ವಕ್ಕೆ ವಿರುದ್ಧವಾಗಿಯೂ ಏರುತ್ತದೆ, ದೀಪದ ಬತ್ತಿಯಲ್ಲಿ ಏರುವ ಹಾಗೆ. ಆದರೆ ಅದಕ್ಕೆ ಸಮಯ ಬೇಕು. ಎರಡು ಮೂರು ದಿನ, ದಿನಕ್ಕೆರಡು ಸಲ ಎಣ್ಣೆ ಹಾಕಿ, ಪ್ರತಿ ಸಲ ಪ್ಲಗ್‌ನ ತಲೆಗೆ ಸಣ್ಣ ಸುತ್ತಿಗೆಯಿಂದ ಹಗುರವಾಗಿ ಹತ್ತಿಪ್ಪತ್ತು ಪೆಟ್ಟು ಕೊಡಿ. ಪೆಟ್ಟಿನ ಕಂಪನಕ್ಕೆ ತುಕ್ಕಿನಲ್ಲಿ ಬಿರುಕು ಬಿಡುತ್ತದೆ, ಎಣ್ಣೆ ಇಳಿಯುವುದು ಆ ಬಿರುಕಿನಲ್ಲಿ. ನನ್ನ ಮಟ್ಟಿಗೆ ಈ ತಾಳ್ಮೆಯೇ ಅರ್ಧ ಕೆಲಸ.

ಬಿಸಿ ಮಾಡಿದರೆ ತೂತು ಕಿರಿದಾಗುತ್ತದೆಯೇ?

ಇಲ್ಲ, ದೊಡ್ಡದಾಗುತ್ತದೆ. ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೆನಪಿಸಿಕೊಳ್ಳಿ. ಕಾಯಿಸಿದ ಪಟ್ಟಿ ಅಗಲವಾಗಿ ಮರದ ಚಕ್ರದ ಮೇಲೆ ಕೂರುತ್ತದೆ, ತಣಿದಾಗ ಬಿಗಿಯುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 25 ಮಿ.ಮೀ. ತೂತಿನಲ್ಲಿ ಕೂತ ಉಕ್ಕಿನ ಪ್ಲಗ್‌ಗೆ ನೂರು ಡಿಗ್ರಿ ಬಿಸಿ ಏರಿದರೆ ಸಿಗುವ ಸಡಿಲ ಸುಮಾರು 0.03 ಮಿ.ಮೀ. ಕಣ್ಣಿಗೆ ಕಾಣದಷ್ಟು, ಆದರೆ ಹಿಡಿತ ಬಿಡಲು ಎಷ್ಟೋ ಸಲ ಸಾಕು. ಅಂಬಾಸಿಡರ್ ಎಂಜಿನ್‌ನಂತೆ ಎರಕದ ಕಬ್ಬಿಣದಲ್ಲಿ ಉಕ್ಕಿನ ಪ್ಲಗ್ ಇದ್ದರೆ ಎರಡೂ ಬಹುತೇಕ ಸಮನಾಗಿ ಹಿಗ್ಗುತ್ತವೆ. ಅಲ್ಲಿ ಪ್ಲಗ್ಗನ್ನೇ ಕಾಯಿಸಿ ತಾನಾಗಿ ತಣಿಯಲು ಬಿಡುವುದು ಒಳ್ಳೆಯದು. ಹಿಗ್ಗುವಾಗ ತುಕ್ಕನ್ನು ಅರೆಯುತ್ತದೆ, ಕುಗ್ಗುವಾಗ ಸಂದಿ ಬಿಡುತ್ತದೆ. ಇನ್ನೂ ಬೆಚ್ಚಗಿರುವಾಗ ಮೇಣದಬತ್ತಿಯ ತುದಿ ತಾಗಿಸಿದರೆ ಮೇಣ ಕರಗಿ ಥ್ರೆಡ್‌ಗೆ ಇಳಿಯುತ್ತದೆ. ಬಿಸಿ ಎರಕದ ಮೇಲೆ ತಣ್ಣೀರು ಎರಚಬೇಡಿ, ಬ್ಲಾಕ್ ಸೀಳೀತು.

ಬೆಂಕಿ ಎಲ್ಲೆಲ್ಲಿ ಬೇಡ ಎನ್ನುವುದು ಇನ್ನೂ ಮುಖ್ಯ. ಪೆಟ್ರೋಲ್ ಟ್ಯಾಂಕ್‌ನ ಪ್ಲಗ್ ಹತ್ತಿರ ಬೇಡವೇ ಬೇಡ. ಖಾಲಿ ಟ್ಯಾಂಕ್ ಎಂದರೆ ಸುರಕ್ಷಿತ ಎನ್ನುವುದು ದೊಡ್ಡ ತಪ್ಪು ನಂಬಿಕೆ, ಸ್ಫೋಟಿಸುವುದು ಅದರಲ್ಲಿ ಉಳಿದ ಆವಿ. ರೇಡಿಯೇಟರ್‌ನ ಬೆಸುಗೆ 200 ಡಿಗ್ರಿ ಆಸುಪಾಸಿನಲ್ಲೇ ಕರಗಿಬಿಡುತ್ತದೆ. ಎಂಜಿನ್ ಬ್ಲಾಕ್‌ನ ನೀರಿನ ಪ್ಲಗ್ ಕಾಯಿಸುವುದಿದ್ದರೆ ಮೊದಲು ರೇಡಿಯೇಟರ್‌ನ ಕೆಳಗಿನ ಹೋಸ್ ಬಿಚ್ಚಿ ಆದಷ್ಟು ನೀರು ಇಳಿಸಿ. ಎಣ್ಣೆ ಸ್ಪ್ರೇ ಮಾಡಿದ ಜಾಗವನ್ನು ಚೆನ್ನಾಗಿ ಒರೆಸದೆ ಬೆಂಕಿ ಹಿಡಿಯಬೇಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿದ ಜಾಗಕ್ಕಂತೂ ಬೆಂಕಿ ತೋರಿಸಲೇಬೇಡಿ. ಅದು ಕಾದಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ಪೈಪ್ ಹಾಕಿ ಎಳೆಯುವ ಮುನ್ನ

ಕಾಲು ಮೀಟರ್ ಸ್ಪ್ಯಾನರ್‌ಗೆ ಒಂದು ಮೀಟರ್ ಪೈಪ್ ಸೇರಿದರೆ ಅದೇ ಕೈಬಲ ನಾಲ್ಕು ಪಟ್ಟಾಗುತ್ತದೆ. ಪ್ಲಗ್ ಬಿಡದಿದ್ದರೆ ಅದರ ತಲೆ ತುಂಡಾಗುತ್ತದೆ, ಅಥವಾ ಬ್ಲಾಕ್‌ನ ಥ್ರೆಡ್ ಕಿತ್ತು ಬರುತ್ತದೆ. ಅದಕ್ಕಿಂತ ಕೆಟ್ಟದ್ದು, ಗಾಡಿ ಬರೀ ಜ್ಯಾಕ್ ಮೇಲೆ ನಿಂತಿದ್ದರೆ ಆ ಎಳೆತಕ್ಕೆ ಜಾರಿ ಕೆಳಗಿದ್ದವರ ಮೇಲೆ ಬೀಳಬಹುದು. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟು, ಗಾಡಿಯನ್ನು ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗಿ.

ಸ್ಪ್ಯಾನರ್ ಸರಿಯಾಗಿ ಕೂರಬೇಕು. ಹಳೇ ಬ್ರಿಟಿಷ್ ಗಾಡಿಗಳ ಅಳತೆ ಇಂಚಿನದು, ಇನ್ನೂ ಹಳೆಯವಾದರೆ ವಿಟ್‌ವರ್ತ್, ಫಿಯೆಟ್‌ಗೆ ಮಿಲಿಮೀಟರ್. ಹೆಚ್ಚುಕಡಿಮೆ ಹೊಂದುವ ಸ್ಪ್ಯಾನರ್ ಹಾಕಿದರೆ ಮೂಲೆ ಉರುಟಾಗುತ್ತದೆ, ಹಿತ್ತಾಳೆ ಪ್ಲಗ್ ಆದರೆ ಒಂದೇ ಎಳೆತಕ್ಕೆ. ಆರು ಮೂಲೆಯ ಸಾಕೆಟ್ ಹನ್ನೆರಡು ಮೂಲೆಯದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ಒತ್ತಿ, ತುಕ್ಕು ಒಡೆದ ಶಬ್ದ ಬಂದರೆ ಆಮೇಲೆ ಬಿಚ್ಚುವ ಕಡೆ. ಬಂದಷ್ಟು ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಎಣ್ಣೆ ಬಿಡಿ. ಡ್ರೇನ್ ಪ್ಲಗ್‌ಗಳು ಸಾಮಾನ್ಯವಾಗಿ ಬಲಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಆದರೆ ಹಳೇ ವಿಲ್ಲಿಸ್ ಜೀಪಿನ ಎಡಬದಿ ಚಕ್ರದ ನಟ್‌ಗಳು ಎಡಥ್ರೆಡ್, ಅಲ್ಲಿ ಲೆಕ್ಕ ತಿರುಗುಮುರುಗು.

ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಆದರೆ ಎಣ್ಣೆ ತುಂಬುವ ಮೇಲಿನ ಪ್ಲಗ್ಗನ್ನೇ ಮೊದಲು ಬಿಚ್ಚಿ. ಕೆಳಗಿಂದ ಎಲ್ಲಾ ಇಳಿಸಿದ ಮೇಲೆ ಮೇಲಿನದು ಬಿಡದಿದ್ದರೆ ಗಾಡಿ ಅಲ್ಲೇ ಠಿಕಾಣಿ.

ತಲೆ ಪೂರ್ತಿ ಉರುಟಾಗಿದ್ದರೆ ಮುಂದಿನದು ಮನೆಯ ಕೆಲಸವಲ್ಲ. ಅನುಭವಸ್ಥ ವೆಲ್ಡರ್ ಪ್ಲಗ್ ಮೇಲೆ ಒಂದು ನಟ್ ಬೆಸೆದು ಕೊಡುತ್ತಾರೆ. ಹಿಡಿಯಲು ಹೊಸ ತಲೆ ಸಿಗುತ್ತದೆ, ಬೆಸುಗೆಯ ಬಿಸಿಗೆ ತುಕ್ಕೂ ಬಿಡುತ್ತದೆ. ಬೆಸೆಯುವ ಮುಂಚೆ ಬ್ಯಾಟರಿ ವೈರ್ ಬಿಚ್ಚಿಡಿ. 2021ರ ಕೇಂದ್ರ ಮೋಟಾರು ವಾಹನ ತಿದ್ದುಪಡಿ ನಿಯಮದ ಪ್ರಕಾರ ವಿಂಟೇಜ್ ಎಂದು ನೋಂದಣಿಯಾಗಲು ಗಾಡಿಗೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಅದು ಮೂಲ ರೂಪದಲ್ಲೂ ಇರಬೇಕು. ವೆಲ್ಡರ್‌ಗೆ ಕೊಡುವ ಕೂಲಿ ಒಡೆದ ಬ್ಲಾಕ್‌ನ ಮುಂದೆ ಏನೂ ಅಲ್ಲ.

ಪ್ಲಗ್ ಹೊರಬಂದ ಮೇಲೆ ಥ್ರೆಡ್ ಎರಡೂ ಕಡೆ ಬ್ರಷ್ ಮಾಡಿ, ವಾಷರ್ ಇರುವ ಪ್ಲಗ್ ಆದರೆ ಹೊಸ ತಾಮ್ರದ ವಾಷರ್ ಹಾಕಿ, ಥ್ರೆಡ್‌ಗೆ ತೆಳುವಾಗಿ ಕಾಪರ್ ಗ್ರೀಸ್ ಸವರಿ. ಕೊನೆಗೆ ಬಿಗಿಯುವಾಗ ಪೈಪ್ ಬೇಡ, ಬರೀ ಸ್ಪ್ಯಾನರ್ ಸಾಕು.