ಅಂಚೆಯ ಕಟ್ಟಿನಿಂದ ಆನ್‌ಲೈನ್ ಕೋರ್ಸಿಗೆ

ಆನ್‌ಲೈನ್ ಕೋರ್ಸುಗಳ ಚರಿತ್ರೆಯನ್ನು ಕಂಪ್ಯೂಟರಿನಿಂದ ಆರಂಭಿಸುವುದು ರೂಢಿಯಾದರೂ, ಭಾರತದ ಕಾಲೇಜುಗಳ ಮಟ್ಟಿಗೆ ಅದರ ಬೇರು ಅಂಚೆಯ ಚೀಲದಲ್ಲಿದೆ. ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆಯ ಮೂಲಕ ಪದವಿ ಶಿಕ್ಷಣ ಕೊಡತೊಡಗಿತು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಅದೇ ದಾರಿ ಹಿಡಿಯಿತು. ಕನ್ನಡದಲ್ಲಿ ಇದಕ್ಕೆ ‘ಅಂಚೆ ತೆರಪಿನ ಶಿಕ್ಷಣ’ ಎಂಬ ಹೆಸರು ಬಳಕೆಗೆ ಬಂದಿತು. ತೆರಪು ಎಂದರೆ ಬಿಡುವು. ನೌಕರಿ, ಬೇಸಾಯ, ಸಂಸಾರಗಳ ನಡುವೆ ದಕ್ಕಿದ ಹೊತ್ತಿನಲ್ಲಿ ಓದುವವರನ್ನು ಗುರುತಿಸಿದ ಈ ಹೆಸರು ಇಂದಿನ ‘ಆನ್‌ಲೈನ್’ ಎಂಬುದಕ್ಕಿಂತ ಅರ್ಥವತ್ತಾದುದೆಂದೇ ಹೇಳಬೇಕು. ಪಾಠವನ್ನು ಮುಂಚಿತವಾಗಿ ಬರೆಸಿ, ಅಚ್ಚು ಹಾಕಿಸಿ, ಕಟ್ಟು ಕಟ್ಟಿ ಕಳುಹಿಸಬೇಕಾಗಿದ್ದುದರಿಂದ, ಕಣ್ಣೆದುರಿಗಿಲ್ಲದ ವಿದ್ಯಾರ್ಥಿ ಎಲ್ಲಿ ತೊಡರುವನೆಂಬುದನ್ನು ಬರೆಯುವ ಹೊತ್ತಿಗೇ ಊಹಿಸಬೇಕಿತ್ತು. ಊಹೆಗೆ ನಿಲುಕದ ಸಂದೇಹಗಳಿಗೆ ‘ಸಂಪರ್ಕ ತರಗತಿ’, ಅಂದರೆ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೆಲವು ದಿನ ಒಂದೆಡೆ ಸೇರುವ ಏರ್ಪಾಡು ಇತ್ತು. ಮೈಸೂರಿನ ಈ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹವಾಗಿದ್ದು, ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದವುಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಕಾಲೇಜಿನ ತಾರಸಿಯ ಮೇಲೊಂದು ಡಿಶ್, ಕೆಳಗಿನ ಕೋಣೆಯಲ್ಲೊಂದು ಪರದೆ, ಪ್ರಶ್ನೆ ಕೇಳಲು ಒಂದು ಮೈಕು: ಪಾಠ ದೂರದ ಸ್ಟುಡಿಯೋದಿಂದ ಇಳಿಯುತ್ತಿತ್ತು. ಆದರೆ ನೇರ ಪ್ರಸಾರವಾದ್ದರಿಂದ ಸ್ಟುಡಿಯೋದ ವೇಳೆಗೆ ಕಾಲೇಜಿನ ವೇಳಾಪಟ್ಟಿ ಹೊಂದಿಕೊಳ್ಳಬೇಕಾಗಿತ್ತು. ತೆರಪಿನ ಮಾತು ಇಲ್ಲಿ ಹಿಂದೆ ಬಿತ್ತು.

ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸಿದ ಎನ್‌ಪಿಟೆಲ್ ಯೋಜನೆ ಆ ತೆರಪನ್ನು ಮರಳಿ ತಂದಿತಾದರೂ, ಆರಂಭದಲ್ಲಿ ಅದು ಬಹುಮಟ್ಟಿಗೆ ಉಪನ್ಯಾಸಗಳ ಭಂಡಾರವಾಗಿತ್ತು. ವಾರವಾರದ ಅಸೈನ್‌ಮೆಂಟು, ಮೇಲ್ವಿಚಾರಣೆಯ ಪರೀಕ್ಷೆ, ಪ್ರಮಾಣಪತ್ರಗಳು ಸೇರಿದ ಮೇಲೆಯೇ ಅದು ಕೋರ್ಸಾಯಿತು. 2017ರ ಜುಲೈ 9ರಂದು ಉದ್ಘಾಟನೆಯಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ ವೇದಿಕೆಯು ವಿಡಿಯೋ ಪಾಠ, ಓದುವ ಸಾಮಗ್ರಿ, ಸ್ವಪರೀಕ್ಷೆ, ಚರ್ಚೆ ಎಂಬ ನಾಲ್ಕು ಅಂಗಗಳನ್ನು ಕೋರ್ಸಿನ ಚೌಕಟ್ಟಾಗಿಸಿತು. 2021ರ ಯುಜಿಸಿ ನಿಯಮ ಒಂದು ಸೆಮಿಸ್ಟರಿನ ಒಂದು ಕಾರ್ಯಕ್ರಮದಲ್ಲಿ ಶೇ. 40ರಷ್ಟು ಕೋರ್ಸುಗಳವರೆಗೆ ಇದರ ಮೂಲಕ ಪಡೆಯಲು ಅವಕಾಶ ಕೊಟ್ಟಿತು.

ಸಂಪರ್ಕ ತರಗತಿಯ ಹೊಣೆ ಮಾತ್ರ ಬೇರೆ ವೇಷದಲ್ಲಿ ಮರಳಿತು. ಎನ್‌ಪಿಟೆಲ್‌ನ ‘ಲೋಕಲ್ ಚಾಪ್ಟರ್’ ಆದ, ಅಂದರೆ ಅದರ ಸ್ಥಳೀಯ ಶಾಖೆಯಾಗಿ ನೋಂದಾಯಿಸಿಕೊಂಡ ಕಾಲೇಜಿನಲ್ಲಿ, ಕೋರ್ಸುಗಳ ಮಾಹಿತಿಯನ್ನು ವಿದ್ಯಾರ್ಥಿಗಳಿಗೆ ಮುಟ್ಟಿಸಲು ಒಬ್ಬ ಸಂಯೋಜಕರೂ, ಕೋರ್ಸಿಗೆ ಸೇರಿದವರು ವಾರದ ಅಸೈನ್‌ಮೆಂಟು ತಪ್ಪಿಸದಂತೆ ಬೆನ್ನಿಗಿದ್ದು ನೋಡಿಕೊಳ್ಳಲು ಮೆಂಟರ್ ಎನಿಸಿದ ಅಧ್ಯಾಪಕರೂ ಇರುತ್ತಾರೆ.