ಹಲಗೆಯ ನಾಲಿಗೆ, ಮರದ ಜುಟ್ಟು

ಸಪ್ತಭಾಷಾ ಸಂಗಮಭೂಮಿಯೆಂದು ಹೆಸರಾಂತ ಕಾಸರಗೋಡು ಸೀಮೆಯಲ್ಲಿ ದೇವಸ್ಥಾನವೊಂದರ ಜೀರ್ಣೋದ್ಧಾರವೆಂದರೆ ಅದು ಭಾಷೆಗಳ ಕೂಟವೂ ಹೌದು. ತಂತ್ರಿಗಳ ಬಾಯಲ್ಲಿ ಸಂಸ್ಕೃತ, ಸಮಿತಿಯ ನಡವಳಿ ಪುಸ್ತಕದಲ್ಲಿ ಕನ್ನಡ, ಮರದ ಕೆಲಸಕ್ಕೆ ಬಂದ ಆಚಾರಿಗಳಲ್ಲಿ ತುಳು ಅಥವಾ ಮಲೆಯಾಳ, ಮರದ ಮಿಲ್ಲಿನ ಚೀಟಿಯಲ್ಲಿ ಇಂಗ್ಲಿಷು. ತುಳುನಾಡಿಗೂ ಮಲೆಯಾಳಕ್ಕೂ ಚಂದ್ರಗಿರಿ ಹೊಳೆಯೇ ಗಡಿಯೆಂದು ಹಿಂದಿನವರು ಹೇಳುತ್ತಿದ್ದರೂ ಉಳಿ, ಬಾಚಿಗಳು ಆ ಗಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡದ್ದಿಲ್ಲ. ಹೊಳೆಯ ಎರಡೂ ದಡಗಳಲ್ಲಿ ಉಳಿ ಉಳಿಯೇ. ಬಾಚಿ ಮಾತ್ರ ದಕ್ಷಿಣಕ್ಕೆ ಹೋದಂತೆ ‘ವಾಚಿ’ಯಾಗುತ್ತದೆ, ಅಷ್ಟೆ.

ಹಲಗೆಯೂ ಹಾಗೆಯೇ. ಕನ್ನಡದಲ್ಲಿ ಹಲಗೆ, ಹಳಗನ್ನಡದಲ್ಲಿ ಪಲಗೆ, ಮಲೆಯಾಳದಲ್ಲಿ ಪಲಕ, ತಮಿಳಿನಲ್ಲಿ ಪಲಕೈ, ತೆಲುಗಿನಲ್ಲಿ ಪಲಕ, ತುಳುವಿನಲ್ಲಿ ಪಲಾಯಿ, ಸಂಸ್ಕೃತದಲ್ಲಿ ಫಲಕ. ಒಂದೇ ಮರದಿಂದ ಸೀಳಿದ ತುಂಡುಗಳಂತೆ ಈ ಮಾತುಗಳು ಕಾಣುತ್ತವೆ. ಯಾವ ಊರಿನ ಆಚಾರಿಯ ಮುಂದೆಯೂ ‘ಹಲಗೆ’ ಎಂದರೆ ಕೆಲಸ ನಿಲ್ಲುವುದಿಲ್ಲ. ತೊಡಕು ಆರಂಭವಾಗುವುದು ಒಂದು ಹಲಗೆಯನ್ನು ಇನ್ನೊಂದಕ್ಕೆ ಕೂಡಿಸುವಲ್ಲಿ. ಹಲಗೆಯ ಹೆಸರು ಎಲ್ಲೆಡೆ ಒಂದೇ ಆಗಿದ್ದರೂ ಹಲಗೆಗಳ ಸಂಬಂಧದ ಹೆಸರು ಭಾಷೆಗೊಂದು, ಕೆಲವೊಮ್ಮೆ ಕುಟುಂಬಕ್ಕೊಂದು.

ಈ ಸಂಬಂಧಕ್ಕೆ ನಮ್ಮ ಶಿಲ್ಪಶಾಸ್ತ್ರಗಳು ಕೊಟ್ಟಿರುವ ಹೆಸರು ‘ಸಂಧಿ’. ಶಾಲೆಯಲ್ಲಿ ಲೋಪ, ಆಗಮ, ಆದೇಶವೆಂದು ಬಾಯಿಪಾಠ ಮಾಡಿದವರಿಗೆ ಸಂಧಿಯೆಂದರೆ ವ್ಯಾಕರಣವೇ ನೆನಪಿಗೆ ಬರುವುದು ಸಹಜ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವೂ ಸಂಧಿ ಪ್ರಕರಣದಿಂದಲೇ ಮೊದಲಾಗುತ್ತದೆ. ಆದರೆ ‘ಮಯಮತ’ ಮತ್ತು ‘ಮಾನಸಾರ’ ಎಂಬ ಎರಡು ಪ್ರಸಿದ್ಧ ವಾಸ್ತುಗ್ರಂಥಗಳಲ್ಲಿ ಹದಿನೇಳನೆಯ ಅಧ್ಯಾಯ ‘ಸಂಧಿಕರ್ಮ’ಕ್ಕೇ ಮೀಸಲು, ಅಲ್ಲಿ ಕೂಡುವುದು ಅಕ್ಷರಗಳಲ್ಲ, ಮರದ ತುಂಡುಗಳು. ಮಯಮತವನ್ನು ತಿರುವನಂತಪುರದಲ್ಲಿ ಟಿ. ಗಣಪತಿ ಶಾಸ್ತ್ರಿಗಳು 1919ರಲ್ಲಿ ಅಚ್ಚು ಹಾಕಿಸಿದರು. ಬ್ರೂನೋ ದಾಜಾನ್ ಎಂಬ ಫ್ರೆಂಚ್ ವಿದ್ವಾಂಸರು ಮೊದಲು ಫ್ರೆಂಚಿಗೂ 1985ರಲ್ಲಿ ಇಂಗ್ಲಿಷಿಗೂ ಅನುವಾದಿಸಿದರು. ಮಾನಸಾರವನ್ನು ಇಂಗ್ಲಿಷಿಗೆ ತಂದವರು ಪ್ರಸನ್ನಕುಮಾರ ಆಚಾರ್ಯರು.

ಮಯಮತದ ಈ ಅಧ್ಯಾಯದಲ್ಲಿ ಬರುವ ಹೆಸರುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ನಿಲ್ಲಿಸಿದ ಕಂಬಗಳ ಸಂಧಿ ಐದು ಬಗೆ: ಮೇಷಯುದ್ಧ, ತ್ರಿಖಂಡ, ಸೌಭದ್ರ, ಅರ್ಧಪಾಣಿ, ಮಹಾವೃತ್ತ. ಮಲಗಿಸಿದ ತೊಲೆಗಳ ಸಂಧಿಯೂ ಐದು: ಷಟ್‌ಶಿಖಾ, ಝಷದಂತ, ಸೂಕರಘ್ರಾಣ, ಸಂಕೀರ್ಣಕೀಲ, ವಜ್ರಾಭ. ಮೇಷಯುದ್ಧವೆಂದರೆ ಟಗರುಗಳ ಕಾಳಗ. ಹಣೆಗೆ ಹಣೆ ಕೊಟ್ಟು ನಿಂತ ಎರಡು ಟಗರುಗಳನ್ನು ಕಂಡವನಿಗೆ ಬೇರೆ ವಿವರಣೆ ಬೇಡ. ಝಷದಂತವು ಮೀನಿನ ಹಲ್ಲು, ಸೂಕರಘ್ರಾಣವು ಹಂದಿಯ ಮೂತಿ. ತುಂಡುಗಳ ಸಂಖ್ಯೆಗೆ ತಕ್ಕಂತೆ ಹೇಳಿದ ಸಂಧಿಗಳಲ್ಲಿ ವೇಣುಪರ್ವ, ಪೂಕಪರ್ವ ಎಂಬೆರಡಿವೆ. ಬಿದಿರಿನ ಗಿಣ್ಣು, ಅಡಿಕೆಮರದ ಗಿಣ್ಣು ಎಂದರ್ಥ. ಅಡಿಕೆ ತೋಟದ ನಡುವೆ ಬಾಳುವ ಈ ಸೀಮೆಯವರಿಗೆ ಪೂಕಪರ್ವವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಶ್ಲೋಕದಲ್ಲಿದೆ ಎಂಬ ಕಾರಣಕ್ಕೆ ಇವನ್ನು ಪಂಡಿತರ ಮಾತೆಂದು ಭಾವಿಸುವವರಿದ್ದಾರೆ. ಅದು ಸರಿಯೆನಿಸುವುದಿಲ್ಲ. ಟಗರು, ಮೀನು, ಹಂದಿ, ಅಡಿಕೆಮರಗಳಲ್ಲಿ ಬೆವರಿನ ವಾಸನೆಯಿದೆ, ಪಾಠಶಾಲೆಯ ವಾಸನೆಯಿಲ್ಲ. ಬಡಗಿಯ ಮಾತನ್ನು ಯಾರೋ ಸಂಸ್ಕೃತಕ್ಕೆ ತಿರುಗಿಸಿ ಛಂದಸ್ಸಿಗೆ ಕೂಡಿಸಿದರೆಂದು ಊಹಿಸುವುದೇ ಹೆಚ್ಚು ಸಹಜ.

ಇದಕ್ಕೆ ಒಳ್ಳೆಯ ಸಾಕ್ಷಿ ‘ಶಿಖೆ’ ಎಂಬ ಶಬ್ದ. ಒಂದು ಮರದ ತುದಿಯನ್ನು ಸುತ್ತಲೂ ಕೆತ್ತಿ ಸಣ್ಣದಾಗಿಸಿ, ಇನ್ನೊಂದು ಮರದಲ್ಲಿ ಕೊರೆದ ಕುಳಿಯೊಳಗೆ ತೂರಿಸುವ ಭಾಗಕ್ಕೆ ಶಾಸ್ತ್ರದಲ್ಲಿ ಶಿಖೆ ಎನ್ನುತ್ತಾರೆ. ಶಿಖೆ ಎಂದರೆ ಜುಟ್ಟು. ಮಲೆಯಾಳದ ಆಶಾರಿ ಇದೇ ಭಾಗವನ್ನು ‘ಕುಡುಮ’ ಎನ್ನುತ್ತಾನೆ. ಕುಡುಮ ಎಂದರೂ ಜುಟ್ಟೇ. ತಮಿಳಿನಲ್ಲಿ ‘ಕುಡುಮಿ’ ಎಂದರೆ ತಲೆಯ ಜುಟ್ಟೂ ಹೌದು, ಹಳೆಯ ಬಾಗಿಲು ತಿರುಗುವುದಕ್ಕೆ ಮೇಲೆ ಕೆಳಗೆ ಚಾಚಿಕೊಂಡ ಮೊಳಕೆಯೂ ಹೌದು. ಕಬ್ಬಿಣದ ಬಿಜಾಗರಿ ಬರುವ ಮುನ್ನ ನಮ್ಮ ಗರ್ಭಗುಡಿಯ ಬಾಗಿಲುಗಳೆಲ್ಲ ಈ ಕುಡುಮೆಯ ಮೇಲೆಯೇ ತಿರುಗಿದವು. ಬೋಳಿಸಿದ ತಲೆಯ ಮೇಲೆ ನಿಂತ ಜುಟ್ಟನ್ನೂ, ನಾಲ್ಕು ಬದಿ ಕೆತ್ತಿದ ಮರದ ಮೇಲೆ ಉಳಿದ ತುದಿಯನ್ನೂ ಒಂದೇ ಕಣ್ಣಿನಿಂದ ಕಂಡವರ ಮಾತಿದು. ಹೀಗಿರುವಾಗ ಕನ್ನಡದ ನಡವಳಿಯಲ್ಲಿ ‘ಕಂಬದ ಜುಟ್ಟು ಎರಡು ಅಂಗುಲ’ ಎಂದು ಬರೆದರೆ ಸಭೆಯಲ್ಲಿ ನಗೆ ಎದ್ದೀತು. ಆದರೂ ಶಾಸ್ತ್ರದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇಲ್ಲ.

ಕುಡುಮಕ್ಕೆ ಜೊತೆಯಾದ ಕುಳಿಯ ಕಥೆ ಇನ್ನೂ ಸ್ವಾರಸ್ಯ. ಮಲೆಯಾಳದಲ್ಲಿ ಅದು ‘ಕುೞ’. ಆ ೞ ಅಕ್ಷರ ಕನ್ನಡದಲ್ಲಿ ಹಳಗನ್ನಡದ ಜೊತೆಯಲ್ಲೇ ಮರೆಯಾಯಿತು. ಕೇಳಿಸಿಕೊಂಡು ಬರೆಯುವ ಗುಮಾಸ್ತರು ‘ಕುಳ’ ಎಂದು ಬರೆಯುತ್ತಾರೆ. ಓದುವ ಕನ್ನಡಿಗನಿಗೆ ಕುಳವೆಂದರೆ ನೇಗಿಲ ಕುಳ, ಇಲ್ಲವೇ ವಂತಿಗೆಗಾಗಿ ಹುಡುಕುವ ಊರಿನ ದೊಡ್ಡ ಕುಳ!

ಹಲಗೆಗಳನ್ನು ಅಂಚಿಗೆ ಅಂಚು ಹೆಣೆದು ಕೂಡಿಸುವ ಕೆಲಸ ಮುಖ್ಯವಾಗಿ ಕಾಣುವುದು ಮುಚ್ಚಿಗೆಯಲ್ಲಿ. ಮಲೆಯಾಳದಲ್ಲಿ ಇದೇ ‘ಮಚ್ಚು’. ಮರವು ಕರ್ಕಾಟಕದ ಮಳೆಯಲ್ಲಿ ನೀರು ಹೀರಿ ಅಗಲಕ್ಕೆ ಉಬ್ಬುತ್ತದೆ, ಕುಂಭ ಮೀನ ಮಾಸದ ಬಿಸಿಲಿಗೆ ಕುಗ್ಗುತ್ತದೆ. ಉದ್ದದಲ್ಲಿ ಆಗುವ ವ್ಯತ್ಯಾಸ ಗಮನಕ್ಕೇ ಬಾರದಷ್ಟು ಕಡಿಮೆ. ಬರಿಯ ಅಂಚುಗಳನ್ನು ತಾಗಿಸಿ ಹೊಡೆದ ಹಲಗೆಗಳ ನಡುವೆ ಬೇಸಗೆಯಲ್ಲಿ ಸಂದು ಬಿಡುತ್ತದೆ; ಮೇಲಿನ ಧೂಳು, ಬಾವಲಿಯ ಹಿಕ್ಕೆ ನೇರವಾಗಿ ಕೆಳಗೆ ಬೀಳುತ್ತದೆ. ಕೆಳಗಿರುವುದು ದೇವರ ಪೀಠವಾದರೆ ಅದು ಸಣ್ಣ ಸಂಗತಿಯಲ್ಲ. ಆದುದರಿಂದ ಒಂದು ಹಲಗೆಯ ಅಂಚಿನುದ್ದಕ್ಕೂ ತೋಡು ಕೊರೆದು, ಪಕ್ಕದ ಹಲಗೆಯ ಅಂಚಿನಲ್ಲಿ ಅದಕ್ಕೆ ಸರಿಯಾದ ತೆಳುವಾದ ಏಣು ಉಳಿಸಿ, ಒಂದರೊಳಗೊಂದು ಕೂರಿಸುತ್ತಾರೆ. ಹಲಗೆ ಕುಗ್ಗಿದರೂ ಏಣು ಸಂದನ್ನು ಮರೆಮಾಡಿಕೊಂಡೇ ಇರುತ್ತದೆ.

ಈ ಏಣಿಗೆ ಇಂಗ್ಲಿಷಿನವರು ‘ಟಂಗ್’ ಎಂದರು, ನಾಲಿಗೆ. ತೋಡಿಗೆ ‘ಗ್ರೂವ್’. ಫ್ರೆಂಚರಿಗೂ ಅದು ‘ಲಾಂಗೆತ್’, ಅಂದರೆ ಪುಟ್ಟ ನಾಲಿಗೆ. ಜರ್ಮನರಿಗೆ ಮಾತ್ರ ನಾಲಿಗೆ ತೋರದೆ ಹಕ್ಕಿಯ ಗರಿ ತೋರಿತು. ಅವರು ‘ಫೇಡರ್’ ಎನ್ನುತ್ತಾರೆ. ಮಲೆಯಾಳದಲ್ಲಿ ತೋಡಿಗೆ ‘ಚಾಲ್’ ಎಂಬ ಮಾತುಂಟು. ಅದು ನಮ್ಮ ‘ಸಾಲು’ ಅಲ್ಲದೆ ಬೇರೆಯಲ್ಲ, ಉಳುವಾಗ ನೇಗಿಲು ಬಿಡುವ ಸಾಲು. ಹೊಲವನ್ನು ಉಳುವುದೂ ಹಲಗೆಯನ್ನು ಕೊರೆಯುವುದೂ ಹಿರಿಯರಿಗೆ ಒಂದೇ ಬಗೆಯ ಕೆಲಸವಾಗಿ ಕಂಡಿರಬೇಕು. ಇಂದು ಮಿಲ್ಲಿನಲ್ಲಿ ಯಂತ್ರದ ಅಲಗು ತಿರುಗತೊಡಗಿದ ಮೇಲೆ ಎಲ್ಲರ ಬಾಯಲ್ಲೂ ‘ಟಂಗು ಗ್ರೂವು’ ಎಂಬುದೇ ನಿಂತಿದೆ. ನಾಲಿಗೆಯೆಂಬ ಅಚ್ಚ ಕನ್ನಡದ ಪದ ಬಾಯೊಳಗೇ ಇದ್ದರೂ ಅದನ್ನು ಹಲಗೆಗೆ ಯಾರೂ ಕೊಡಲಿಲ್ಲ.

ಮಾತು ಯಾವುದಾದರೇನು ಎಂದು ಕೇಳುವವರು ಲೆಕ್ಕವನ್ನು ನೋಡಬೇಕು. ಐದೂವರೆ ಅಡಿ ಅಗಲದ, ಎಂದರೆ 66 ಅಂಗುಲದ ಮುಚ್ಚಿಗೆಗೆ ಆರಂಗುಲದ ಹಲಗೆಗಳು ಬೇಕೆಂದು ಬರೆದರೆ ಹನ್ನೊಂದು ಸಾಕು. ಆದರೆ ಆ ಆರಂಗುಲದಲ್ಲಿ ಅರ್ಧ ಅಂಗುಲ ನಾಲಿಗೆಯಾಗಿ ಪಕ್ಕದ ಹಲಗೆಯೊಳಗೆ ಅಡಗುತ್ತದೆ. ಕಣ್ಣಿಗೆ ಕಾಣುವುದು ಐದೂವರೆ ಅಂಗುಲ ಮಾತ್ರ. ಹಲಗೆ ಹನ್ನೆರಡು ಬೇಕು. ನಾಲಿಗೆ ಸೇರಿಸಿಯೋ ಬಿಟ್ಟೋ ಎಂಬ ಒಂದು ಮಾತು ಪಟ್ಟಿಯಲ್ಲಿ ಇಲ್ಲದಿದ್ದರೆ ಕೆಲಸ ಮುಗಿಯುವ ಹೊತ್ತಿಗೆ ಒಂದು ಹಲಗೆ ಕಡಿಮೆ ಬೀಳುತ್ತದೆ. ಸುತ್ತುಪೌಳಿಯ ಪೂರ್ತಿ ಮುಚ್ಚಿಗೆಯಾದರೆ ಒಂದಲ್ಲ, ಹತ್ತಾರು. ಅದೇ ಮರದ ಹಲಗೆ ಮತ್ತೆ ಸಿಗುವುದೂ ಇಲ್ಲ, ಬಣ್ಣ ಕೂಡುವುದೂ ಇಲ್ಲ. ತೇಗದ ಬೆಲೆ ಬಲ್ಲ ಭಕ್ತಾದಿಗಳಿಗೆ ಇದರ ಭಾರ ತಿಳಿಯದ್ದೇನಲ್ಲ. ಹಾಗೆಯೇ ‘ಗಟ್ಟಿಯಾಗಿ ಮೊಳೆ ಹೊಡೆಯಿರಿ’ ಎಂಬ ಸದುದ್ದೇಶದ ಸೂಚನೆಯೂ ಹಾನಿಕರ. ಎರಡೂ ಅಂಚಿಗೆ ಮೊಳೆ ಬಿದ್ದ ಹಲಗೆ ಕುಗ್ಗಲು ಜಾಗವಿಲ್ಲದೆ ನಡುವೆ ಸೀಳುತ್ತದೆ. ಮೊಳೆಯನ್ನು ಒಂದು ಅಂಚಿಗೆ ಮಾತ್ರ, ಅದೂ ನಾಲಿಗೆಯ ಬುಡದಲ್ಲಿ ಓರೆಯಾಗಿ ಹೊಡೆದರೆ ಮುಂದಿನ ಹಲಗೆ ಅದನ್ನು ಮುಚ್ಚುತ್ತದೆ.

ಹಲಗೆಗಳ ಮೂಲೆ ಕೂಡಿಸುವ ಇನ್ನೊಂದು ಸಂಧಿಯಿದೆ. ಅದರ ಮೊಳಕೆ ಬುಡದಲ್ಲಿ ಕಿರಿದು, ತುದಿಯಲ್ಲಿ ಅಗಲ. ಒಮ್ಮೆ ಕೂತ ಮೇಲೆ ಎಷ್ಟು ಎಳೆದರೂ ಬಾರದು. ಇಂಗ್ಲಿಷರಿಗೆ ಇದು ಪಾರಿವಾಳದ ಬಾಲ, ‘ಡವ್‌ಟೇಲ್’. ಫ್ರೆಂಚರಿಗೂ ಜರ್ಮನರಿಗೂ ಅದೇ ಬಾಲ, ಆದರೆ ಬೇರೆ ಹಕ್ಕಿಯದು. ಅಷ್ಟು ದೂರದ ಚೀನೀಯರೂ ಅದನ್ನು ಆ ಬೇರೆ ಹಕ್ಕಿಯ, ಎಂದರೆ ಕವಲುಬಾಲದ ಅಂಬರಗುಬ್ಬಿಯ ಬಾಲವೆಂದೇ ಕರೆದಿದ್ದಾರೆ. ಜಪಾನೀ ಬಡಗಿಗೆ ಅದು ಇರುವೆ; ನಡು ಸಣ್ಣದಾದ ಇರುವೆಯ ರೂಪವೇ ಅದಕ್ಕೆ ಕಾರಣವಿರಬಹುದು. ಪ್ರಾಚೀನ ರೋಮಿನವರು ಅಲ್ಲಿ ಪುಟ್ಟ ಕೊಡಲಿಯನ್ನು ಕಂಡರು.

ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಕಾರ ವಿಟ್ರೂವಿಯಸ್ ಈ ‘ಪುಟ್ಟ ಕೊಡಲಿ’ಯ ಮಾತನ್ನು ಎತ್ತಿದ್ದು ದೇವಾಲಯದ ಸಂದರ್ಭದಲ್ಲಿಯೇ. ಎರಡು ಮರಗಳನ್ನು ಜೋಡಿಸಿ ತೊಲೆ ಮಾಡುವಾಗ ಅವುಗಳ ನಡುವೆ ಎರಡು ಬೆರಳಷ್ಟು ತೆರಪು ಬಿಡಬೇಕೆಂದೂ, ಒಂದನ್ನೊಂದು ತಾಗಿ ಗಾಳಿಯಾಡದಿದ್ದರೆ ಮರ ಕಾವೇರಿ ಬೇಗನೆ ಕುಂಬಾಗುವುದೆಂದೂ ಆತ ಬರೆದಿದ್ದಾನೆ. ಮಾಡಿನ ಹಲಗೆಯ ಮೇಲೆ ತಾಮ್ರದ ತಗಡು ಹೊದೆಸುವ ನಮ್ಮ ದೇವಸ್ಥಾನಗಳಲ್ಲೂ ತಗಡಿನಡಿ ನಿಂತ ತೇವವೇ ಮರಕ್ಕೆ ಶತ್ರು. ಎರಡು ಸಾವಿರ ವರ್ಷದ ಹಿಂದಿನ ಪರದೇಶದ ಆ ಎಚ್ಚರಿಕೆಯನ್ನು ಇಲ್ಲಿಯ ಅನುಭವಿ ಆಚಾರಿಗಳು ಓದದೆಯೇ ಬಲ್ಲರು.

ಇಂತಹ ಮಾತುಗಳನ್ನು ಮೊದಲು ಪಟ್ಟಿ ಮಾಡಲು ಕುಳಿತವರು ನಿಘಂಟುಕಾರರು. ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿ, ಮೆನ್ನರರ ತುಳು ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ, ಮೂರೂ ಮಂಗಳೂರಿನಿಂದಲೇ ಹೊರಬಂದವು. ಮೂವರೂ ಬಾಸೆಲ್ ಮಿಷನ್ನಿನವರು. ಅದೇ ಮಿಷನ್ನು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಹಂಚು ಹಬ್ಬಿದಂತೆ ಅದನ್ನು ಹೊರುವ ಪಟ್ಟಿಗೆ ಇಂಗ್ಲಿಷಿನ ‘ರೀಪು’ ಎಂಬ ಹೆಸರು ನಮ್ಮಲ್ಲಿ ಬೇರೂರಿತು. ಮಲೆಯಾಳದಲ್ಲಿ ಹಳೆಯ ‘ಪಟ್ಟಿಕ’ ಉಳಿಯಿತು. ನಮ್ಮ ‘ಪಕ್ಕಾಸು’ ಅವರ ‘ಕೞುಕ್ಕೋಲ್’. ಮುಂದೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ತುಳು ನಿಘಂಟು ಬಂತು. ಮಂಜೇಶ್ವರದ ರಾಷ್ಟ್ರಕವಿಗಳ ಹೆಸರಿನ ಕೇಂದ್ರದಿಂದ ಆ ಕೆಲಸವಾದದ್ದು ಈ ಗಡಿನಾಡಿಗೂ ಹೆಮ್ಮೆ. ಆದರೂ ನಿಘಂಟಿನ ಶಬ್ದ ಬೇರೆ, ಕೆಲಸದ ಚಪ್ಪರದ ಶಬ್ದ ಬೇರೆ. ನಿಘಂಟು ಅರ್ಥ ಕೊಡುತ್ತದೆ, ಅಳತೆ ಕೊಡುವುದಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 2008ರಲ್ಲಿ ಮಲಬಾರ್ ದೇವಸ್ವಂ ಮಂಡಳಿ ರಚನೆಯಾಯಿತು. ಹೀಗೆ ಕಚೇರಿಯ ಕಾಗದ ಹೆಚ್ಚಾಗಿ ಮಲೆಯಾಳದ ಕಡೆಗೆ ಸರಿದಂತೆ, ಕನ್ನಡದಲ್ಲಿ ನಿರ್ಣಯ ಬರೆಯುವ ಸಮಿತಿಗಳು ಎರಡು ಭಾಷೆಯ ಮರಗೆಲಸದ ಮಾತುಗಳನ್ನು ಸರಿದೂಗಿಸಿಕೊಳ್ಳಬೇಕಾಗಿ ಬಂತು. ಇದಕ್ಕೆ ಸುಲಭೋಪಾಯವೆಂದರೆ ಶಬ್ದದ ಪಕ್ಕದಲ್ಲಿ ಗೆರೆ ಎಳೆದು ಸಂಧಿಯ ಚಿತ್ರ ಬರೆಯುವುದು, ನಾಲಿಗೆಯ ಅಳತೆಯನ್ನು ಬೇರೆಯಾಗಿ ನಮೂದಿಸುವುದು. ಹಳೆಯ ಮುಚ್ಚಿಗೆಯನ್ನು ಬಿಚ್ಚುವ ದಿನ ಆಚಾರಿಗಳು ಒಂದೊಂದು ಹಲಗೆಗೆ ಏನು ಹೇಳುತ್ತಾರೆಂಬುದನ್ನು ಆಗಲೇ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಹಿರಿಯ ಆಚಾರಿಗಳ ಜೊತೆ ಮಾತೂ ಹೊರಟುಹೋಗುತ್ತದೆ.

ಚಿತ್ರವೂ ಬೇಡ, ಶಬ್ದವೂ ಬೇಡವೆಂಬಂತಹ ಇನ್ನೊಂದು ಉಪಾಯ ನಮ್ಮ ಪೇಟೆಗಳಲ್ಲೇ ಇತ್ತು. ಕಬ್ಬಿಣದ ಶಟರ್ ಬರುವ ಮುನ್ನ ಅಂಗಡಿಗಳ ಮುಂಭಾಗವನ್ನು ಉದ್ದನೆಯ ಹಲಗೆಗಳಿಂದ ಮುಚ್ಚುತ್ತಿದ್ದರು. ಮಲೆಯಾಳದಲ್ಲಿ ಅದಕ್ಕೆ ‘ನಿರಪ್ಪಲಕ’ ಎನ್ನುತ್ತಾರೆ, ಸಾಲುಹಲಗೆ. ಹೊಸ್ತಿಲಲ್ಲಿ ಒಂದು ತೋಡು, ಮೇಲಿನ ಅಡ್ಡಮರದಲ್ಲಿ ಒಂದು ತೋಡು. ಒಂದು ಕಡೆಯಿಂದ ತೂರಿಸಿ ಹಲಗೆಗಳನ್ನು ಒಂದೊಂದಾಗಿ ಸರಿಸುವುದು. ಹಲಗೆಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತಿದ್ದುದರಿಂದ ಪ್ರತಿಯೊಂದರ ಬೆನ್ನಿಗೂ ಒಂದು, ಎರಡು, ಮೂರು ಎಂದು ಅಂಕೆ ಕೊರೆದಿರುತ್ತಿತ್ತು. ಕೆಲವು ಅಂಗಡಿಗಳಲ್ಲಿ ಕನ್ನಡ ಅಂಕೆ, ಕೆಲವೆಡೆ ಇಂಗ್ಲಿಷ್ ಅಂಕೆ, ಅಕ್ಷರ ಬಾರದವರಲ್ಲಿ ಬರಿಯ ಉಳಿಯ ಗೀರು. ಮೂರನೆಯದನ್ನು ನಾಲ್ಕನೆಯದರ ಜಾಗಕ್ಕೆ ತಂದರೆ ಕೊನೆಯ ಹಲಗೆ ಕೂರುತ್ತಿರಲಿಲ್ಲ, ಬೀಗವೂ ಬೀಳುತ್ತಿರಲಿಲ್ಲ.